ನೀರಿಗೆ ಬಿಳಿಗುಂಡ್ಲು, ಮಾತಿಗೆ ಯಾರು?

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಬಸ್ ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗರೆಲ್ಲ ಕೇಳುವುದು ಹೊಗೇನಕಲ್ಲಿನ ಬಸ್ಸನ್ನೇ. ಹರಿಗೋಲಿನಲ್ಲಿ ಒಂದು ಸುತ್ತು, ಕಣ್ಣೆದುರೇ ಹುರಿದು ಕೊಡುವ ಮೀನು, ಜಲಪಾತದ ಕೆಳಗೆ ಒಂದು ಸ್ನಾನ, ಸಂಜೆಗೆ ವಾಪಸ್. ಇದೇ ತಾಲೂಕಿನ ಪಾಪ್ಪಾರಪಟ್ಟಿಗೆ ದಾರಿ ಕೇಳುವವರು ಕಡಿಮೆ. ಅಲ್ಲಿ ನೋಡುವುದಕ್ಕೆ ಜಲಪಾತವಿಲ್ಲ. ಮಾತಾಡಿದ ತಪ್ಪಿಗೆ ಜೈಲು ಸೇರಿದ ಒಬ್ಬ ಮನುಷ್ಯನ ಸ್ಮಾರಕವಿದೆ.

ಅವರ ಹೆಸರು ಸುಬ್ರಹ್ಮಣ್ಯ ಶಿವ. ಕಾಂಗ್ರೆಸ್ಸಿನಲ್ಲಿ ತಿಲಕರ ಹಾದಿ ಹಿಡಿದವರು, ಪತ್ರಕರ್ತರು, ಊರೂರಿನಲ್ಲಿ ಭಾಷಣ ಮಾಡುತ್ತ ಅಲೆದವರು. 1908ರ ಮಾರ್ಚ್‌ನಲ್ಲಿ ವ.ಉ. ಚಿದಂಬರಂ ಪಿಳ್ಳೈ ಅವರ ಜೊತೆ ಬ್ರಿಟಿಷ್ ಸರ್ಕಾರ ಇವರನ್ನೂ ಹಿಡಿಯಿತು. ಆರೋಪ ರಾಜದ್ರೋಹದ್ದು. ತಿರುನೆಲ್ವೇಲಿಯ ನ್ಯಾಯಾಧೀಶರು 10 ವರ್ಷ ಶಿಕ್ಷೆ ಕೊಟ್ಟರು, ಹೈಕೋರ್ಟು ಅದನ್ನು 6ಕ್ಕೆ ಇಳಿಸಿತು. ಜೈಲಿನಿಂದ ಹೊರಬರುವಾಗ ಮೈಗೆ ಕುಷ್ಠ ಅಂಟಿತ್ತು. ರೋಗಿ ರೈಲು ಹತ್ತಕೂಡದೆಂದು ಸರ್ಕಾರ ತಡೆಯಿತು. ಶಿವ ನಡೆದೇ ಊರೂರು ಸುತ್ತಿದರು. 'ಜ್ಞಾನಭಾನು' ಪತ್ರಿಕೆ ನಡೆಸಿದರು. ಕೊನೆಗೆ ಪಾಪ್ಪಾರಪಟ್ಟಿಯಲ್ಲಿ ಆಶ್ರಮ ಕಟ್ಟಿದರು. 1923ರಲ್ಲಿ ಅಲ್ಲಿನ ಭಾರತಮಾತೆಯ ಗುಡಿಗೆ ಶಂಕುಸ್ಥಾಪನೆ ಮಾಡಿದವರು ಚಿತ್ತರಂಜನ ದಾಸ್. 1925ರ ಜುಲೈ 23ರಂದು, 40ರ ಪ್ರಾಯದಲ್ಲಿ, ಶಿವ ಅಲ್ಲೇ ತೀರಿಕೊಂಡರು.

2025ರ ಜುಲೈಗೆ ಅದಕ್ಕೆ ನೂರು ವರ್ಷ ತುಂಬಿತು. ಅದಕ್ಕೆ ಒಂದು ತಿಂಗಳು ಮುಂಚೆ, ಕಾವೇರಿಯ ಮೇಲಣ ರಾಜ್ಯದಲ್ಲಿ, ಶಿವ ದುಡಿದ ಪಕ್ಷದ್ದೇ ಸರ್ಕಾರ ಒಂದು ಕರಡು ಮಸೂದೆಯ ಕಾರಣಕ್ಕೆ ಸುದ್ದಿಯಲ್ಲಿತ್ತು. ಸಾಮಾಜಿಕ ಜಾಲತಾಣದಲ್ಲಿ ಸುಳ್ಳುಸುದ್ದಿ ಹರಡಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಬ್ರಿಟಿಷ್ ಹೈಕೋರ್ಟು ಶಿವರಿಗೆ ಉಳಿಸಿದ್ದಕ್ಕಿಂತ ಒಂದು ವರ್ಷ ಹೆಚ್ಚು.

ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಶಿವರದು ಪರದೇಶಿ ಆಳ್ವಿಕೆಯ ವಿರುದ್ಧದ ದನಿ. ಇಂದಿನ ಸುಳ್ಳುಸುದ್ದಿ ಅಮಾಯಕರ ಜೀವವನ್ನೇ ತೆಗೆದಿದೆ. ಆದರೂ ಜೈಲಿನಲ್ಲಿದ್ದ ಪಕ್ಷ ಜೈಲಿನ ಬೀಗದ ಕೈ ಹಿಡಿಯುವವರೆಗೆ ನಡೆದು ಬಂದ ಹಾದಿಯನ್ನು ಪೆನ್ನಾಗರಂ ಕಡೆಯಿಂದ ನೋಡಿದರೆ ಬೆಂಗಳೂರಿಗೂ ದೆಹಲಿಗೂ ಕಾಣದ ಕೆಲವು ತಿರುವುಗಳು ಕಾಣುತ್ತವೆ.

ಮೊದಲ ತಿರುವು ಸೇಲಂನಲ್ಲಿ. ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾದದ್ದು 1965ರಲ್ಲಿ. ಅಲ್ಲಿಯವರೆಗೆ ಪೆನ್ನಾಗರಂ ಸೇಲಂ ಜಿಲ್ಲೆಗೆ ಸೇರಿತ್ತು. 1950ರ ಫೆಬ್ರವರಿ 11ರಂದು ಸೇಲಂ ಜೈಲಿನಲ್ಲಿ ಪೊಲೀಸರು ಗುಂಡು ಹಾರಿಸಿ 22 ಕಮ್ಯುನಿಸ್ಟ್ ಕೈದಿಗಳು ಸತ್ತರು. ಗಣರಾಜ್ಯಕ್ಕೆ ಆಗ ಒಂದು ತಿಂಗಳೂ ತುಂಬಿರಲಿಲ್ಲ. ಆ ಬಿಸಿ ಆರುವ ಮುನ್ನವೇ, ಮಾರ್ಚ್ 1ರಂದು, ಮದರಾಸಿನ ಕಾಂಗ್ರೆಸ್ ಸರ್ಕಾರ ರೊಮೇಶ್ ಥಾಪರ್ ಅವರ 'ಕ್ರಾಸ್ ರೋಡ್ಸ್' ವಾರಪತ್ರಿಕೆ ರಾಜ್ಯದೊಳಗೆ ಬಾರದಂತೆ ನಿಷೇಧಿಸಿತು. ಸಾರ್ವಜನಿಕ ಶಾಂತಿಗೆ ಭಂಗ ಎಂಬುದು ಅದು ಕೊಟ್ಟ ಕಾರಣ. ಥಾಪರ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮೇ 26ರಂದು ಗೆದ್ದರು. ಶಾಂತಿಭಂಗದ ನೆಪದಲ್ಲಿ ಮಾತನ್ನು ತಡೆಯಲು ಸಂವಿಧಾನದಲ್ಲಿ ಜಾಗವಿಲ್ಲ ಎಂದಿತು ಕೋರ್ಟು.

ಜಾಗವಿಲ್ಲದಿದ್ದರೆ ಮಾಡಿಕೊಳ್ಳಬಹುದಲ್ಲ! 1951ರ ಜೂನ್‌ನಲ್ಲಿ ನೆಹರೂ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದಿತು. ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳ ಪಟ್ಟಿಗೆ 'ಸಾರ್ವಜನಿಕ ಸುವ್ಯವಸ್ಥೆ' ಸೇರಿತು. ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಅಂಕುಶವೂ ಜೊತೆಗೇ ಬಂತು. ಸಂಸತ್ತಿನಲ್ಲಿ ಅದನ್ನು ಕಟುವಾಗಿ ವಿರೋಧಿಸಿದವರಲ್ಲಿ ಶ್ಯಾಮಪ್ರಸಾದ ಮುಖರ್ಜಿ ಒಬ್ಬರು. ಅದೇ ವರ್ಷ ಜನಸಂಘ ಕಟ್ಟಿದವರು ಅವರು. ಅಂದರೆ ಇಂದಿನ ಬಿಜೆಪಿಯ ಮೂಲಪುರುಷರು ಅಂದು ವಾಕ್ ಸ್ವಾತಂತ್ರ್ಯದ ಕಾವಲಿಗೆ ನಿಂತಿದ್ದರು, ಕಾಂಗ್ರೆಸ್ಸು ಕತ್ತರಿ ಹಿಡಿದಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತಿಗೆ ನಮ್ಮ ರಾಜಕೀಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮುಂದಿನ ಕಥೆಯೆಲ್ಲ ಈ ಗಾದೆಯ ವಿಸ್ತಾರವೇ.

ಎರಡನೆಯ ತಿರುವು ಗಾಳಿಮಾತಿನದು. ಪೆನ್ನಾಗರಂ ಸೀಮೆಯವರಿಗೆ ಅದರ ಭಯ ಏಕೆ ಹೆಚ್ಚು? ಮಳೆ ಕಡಿಮೆಯ ಒಣಭೂಮಿ ಇದು. ಇಲ್ಲಿನವರು ಕಟ್ಟಡದ ಕೆಲಸಕ್ಕೆ, ಅಂಗಡಿ ಹೋಟೆಲಿನ ಕೆಲಸಕ್ಕೆ ಬೆಂಗಳೂರಿನ ದಾರಿ ಹಿಡಿಯುವುದು ಹಿಂದಿನಿಂದಲೂ ಇದೆ. ಕಾವೇರಿಯ ಎದುರು ದಂಡೆಯೇ ಕರ್ನಾಟಕ. ಹೊಗೇನಕಲ್ ಎಂಬ ಹೆಸರಿನಲ್ಲೇ ಕನ್ನಡದ ಹೊಗೆಯೂ ಕಲ್ಲೂ ಇವೆ. ಜಿಲ್ಲೆಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ, ಮನೆಯಲ್ಲಿ ಕನ್ನಡ ಆಡಿ ಪೇಟೆಯಲ್ಲಿ ತಮಿಳು ಆಡುವ ಕುಟುಂಬಗಳಿವೆ. ಬೆಂಗಳೂರಿನಲ್ಲಿ ತಮಿಳರಿಗೆ ಏಟು ಬಿತ್ತು ಎಂಬ ಸುದ್ದಿ ಬಂದರೆ ಇಲ್ಲಿ ಮಗನಿಗಾಗಿ ಎದೆ ಹೊಡೆದುಕೊಳ್ಳುತ್ತದೆ. ತಮಿಳುನಾಡಿನಲ್ಲಿ ಕನ್ನಡಿಗರಿಗೆ ಏಟು ಬಿತ್ತು ಎಂಬ ಸುದ್ದಿ ಬಂದರೂ ಇಲ್ಲಿಯದೇ ಇನ್ನೊಂದು ಮನೆಯಲ್ಲಿ ಅದೇ ಗತಿ.

1991ರಲ್ಲಿ ಫೋನು ಅಪರೂಪ. ಕಾವೇರಿ ನ್ಯಾಯಮಂಡಳಿ ಜೂನ್ 25ರಂದು ಕೊಟ್ಟ ಮಧ್ಯಂತರ ಆದೇಶ ಡಿಸೆಂಬರ್‌ನಲ್ಲಿ ಗೆಜೆಟ್ಟಿನಲ್ಲಿ ಬಂತು. 12, 13ರಂದು ಬೆಂಗಳೂರಿನಲ್ಲಿ ಗಲಭೆ ಎದ್ದಿತು. ಜನ ಸತ್ತರು. ಸಾವಿರಾರು ತಮಿಳರು ಗಂಟುಮೂಟೆ ಕಟ್ಟಿ ಗಡಿಯತ್ತ ನಡೆದರು. ಆಗ ಸುದ್ದಿ ಬಂದದ್ದು ಓಡಿ ಬಂದವರ ಬಾಯಿಂದ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ದೊಡ್ಡದು ಮಾಡಿ ಹೇಳುತ್ತಿದ್ದ, ನಿಜ. ಆದರೆ ಹೇಳಿದವನ ಮುಖ ಕೇಳಿದವನ ಎದುರಿಗೇ ಇರುತ್ತಿತ್ತು. ಹೇಳುವವನು ಮುಖವಿಲ್ಲದವನಾದದ್ದು ಆಮೇಲೆ.

2008ರಲ್ಲಿ ಎರಡು ಸಂಗತಿ ನಡೆದವು. ಫೆಬ್ರವರಿಯಲ್ಲಿ ಕರುಣಾನಿಧಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲು ಹಾಕಿದರು. ಧರ್ಮಪುರಿ, ಕೃಷ್ಣಗಿರಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು. ಕುಡಿದವರ ಹಲ್ಲು ಕಲೆಗಟ್ಟಿ, ಮೂಳೆ ಸೊಟ್ಟಗಾಗುತ್ತಿತ್ತು. ಅದಕ್ಕೆ ಪರಿಹಾರವಾಗಿ ಬಂದ ಯೋಜನೆ ಇದು. ಕರ್ನಾಟಕದಲ್ಲಿ ಚುನಾವಣೆ ಹತ್ತಿರವಿತ್ತು. ಗಡಿ ಯಾರದು, ನೀರು ಯಾರದು ಎಂಬ ಕೂಗು ಎದ್ದಿತು. ಮಾರ್ಚ್‌ನಲ್ಲಿ ಯಡಿಯೂರಪ್ಪ ಹೊಗೇನಕಲ್ಲಿಗೇ ಬಂದು ಹೋದರು. ಬೆಂಗಳೂರಿನ ಚಿತ್ರಮಂದಿರಗಳಲ್ಲಿ ತಮಿಳು ಸಿನಿಮಾ ನಿಂತವು. ಚೆನ್ನೈಯಲ್ಲಿ ನಟರು ಉಪವಾಸ ಕೂತರು. ಏಪ್ರಿಲ್‌ನಲ್ಲಿ, ಕರ್ನಾಟಕದ ಚುನಾವಣೆ ಮುಗಿಯಲಿ ಎಂದು ಕರುಣಾನಿಧಿ ಯೋಜನೆಯನ್ನು ತಡೆಹಿಡಿದರು. ಹಲ್ಲು ಕಲೆಗಟ್ಟಿದ ಮಕ್ಕಳ ಸುದ್ದಿ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಯೋಜನೆ ಲೋಕಾರ್ಪಣೆಯಾದದ್ದು 2013ರಲ್ಲಿ, ಜಯಲಲಿತಾ ಕಾಲದಲ್ಲಿ.

ಎರಡನೆಯ ಸಂಗತಿ ಅದೇ ವರ್ಷದ ಡಿಸೆಂಬರಿನದು. ಮುಂಬೈ ದಾಳಿಯ ಆಘಾತದ ನಡುವೆ, ಚರ್ಚೆಯೇ ಇಲ್ಲದೆ, ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿ ಮಾಡಿತು. ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ ತಂದ ಆ ತಿದ್ದುಪಡಿಯಲ್ಲಿ ಸೆಕ್ಷನ್ 66ಎ ಇತ್ತು. ಸುಳ್ಳೆಂದು ಗೊತ್ತಿದ್ದೂ ಕಿರಿಕಿರಿ, ಅನಾನುಕೂಲ ಮಾಡಲೆಂದು ಸಂದೇಶ ಕಳಿಸಿದರೆ 3 ವರ್ಷದವರೆಗೆ ಜೈಲು. 'ಕಿರಿಕಿರಿ' ಎಂದರೆ ಯಾರಿಗೆ, ಎಷ್ಟು ಎಂದು ಕಾನೂನು ಹೇಳಲಿಲ್ಲ. ಅದನ್ನು ಪೊಲೀಸ್ ಠಾಣೆಗಳೇ ತೀರ್ಮಾನಿಸಿದವು. 2012ರಲ್ಲಿ ಪುದುಚೇರಿಯ ಒಬ್ಬ ವ್ಯಾಪಾರಿ ಕೇಂದ್ರ ಮಂತ್ರಿಯ ಮಗನ ಮೇಲೆ ಬರೆದ ಒಂದು ಟ್ವೀಟಿಗೆ ಬಂಧಿತನಾದ. ಮಹಾರಾಷ್ಟ್ರದ ಪಾಲ್ಘರಿನಲ್ಲಿ ಬಂದ್ ಕುರಿತು ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿ, ಅದನ್ನು ಲೈಕ್ ಮಾಡಿದ ಇನ್ನೊಬ್ಬಳು, ಇಬ್ಬರೂ ಠಾಣೆಗೆ ಹೋದರು.

ಅದೇ 2012ರ ಆಗಸ್ಟ್. ಬೆಂಗಳೂರಿನ ಸಿಟಿ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಸ್ಸಾಮಿನ ಹಿಂಸೆಗೆ ಇಲ್ಲಿ ಸೇಡು ತೀರಿಸುತ್ತಾರೆ ಎಂಬ ಎಸ್ಸೆಮ್ಮೆಸ್ಸು, ಎಲ್ಲಿಯದೋ ಹಳೆಯ ಫೋಟೋಗಳು. ಈಶಾನ್ಯದ ಯುವಕ ಯುವತಿಯರು ಸಾವಿರಾರು ಸಂಖ್ಯೆಯಲ್ಲಿ ಗುವಾಹಟಿ ರೈಲು ಹತ್ತಿದರು. ಆಗ ಕರ್ನಾಟಕದಲ್ಲಿ ಬಿಜೆಪಿ ಸರ್ಕಾರ. ಗೃಹಸಚಿವ ಆರ್. ಅಶೋಕ ನಿಲ್ದಾಣಕ್ಕೇ ಬಂದು ಹೋಗಬೇಡಿ ಎಂದು ಕೇಳಿಕೊಂಡರು. ಹೋಗುವವರು ಹೋದರು. ಕೇಂದ್ರದ ಯುಪಿಎ ಸರ್ಕಾರ ಒಬ್ಬರು ದಿನಕ್ಕೆ 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ಸು ಕಳಿಸಕೂಡದು ಎಂದು ಮಿತಿ ಹಾಕಿತು, ಕೆಲವು ದಿನದ ಮೇಲೆ ಅದನ್ನು 20ಕ್ಕೆ ಏರಿಸಿತು. ನೂರಾರು ಪುಟಗಳನ್ನು ಮುಚ್ಚಿಸಿತು. ಮುಚ್ಚಿದವುಗಳಲ್ಲಿ ಗಾಳಿಸುದ್ದಿಗೆ ಸಂಬಂಧಿಸದ ಕೆಲವರ ಟ್ವಿಟರ್ ಖಾತೆಗಳೂ ಇದ್ದವು ಎಂಬ ದೂರು ಎದ್ದಿತು. ಪ್ರತಿಭಟಿಸಿ ತನ್ನ ಟ್ವಿಟರ್ ಚಿತ್ರವನ್ನು ಕಪ್ಪು ಮಾಡಿಕೊಂಡವರಲ್ಲಿ ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿಯೂ ಒಬ್ಬರು. ಅದೇ ವರ್ಷದ ಮೇ ತಿಂಗಳಿನಲ್ಲಿ ಜಾಲತಾಣಗಳ ಮೇಲಿನ ನಿಯಮ ರದ್ದಾಗಲಿ ಎಂದು ಸಿಪಿಎಂನ ಪಿ. ರಾಜೀವ್ ರಾಜ್ಯಸಭೆಯಲ್ಲಿ ಗೊತ್ತುವಳಿ ತಂದಾಗ ಬಿಜೆಪಿಯ ಅರುಣ್ ಜೇಟ್ಲಿ ಅವರ ಪರ ಮಾತಾಡಿದ್ದರು.

2014ರಲ್ಲಿ ಕುರ್ಚಿ ಬದಲಾಯಿತು. ವಿರೋಧದಲ್ಲಿದ್ದಾಗ ಟೀಕಿಸಿದ 66ಎಯನ್ನು ಹೊಸ ಸರ್ಕಾರ ಕೋರ್ಟಿನಲ್ಲಿ ಸಮರ್ಥಿಸಿತು. ಉಪಯೋಗವಾಗಲಿಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಸೆಕ್ಷನ್ನನ್ನು ಪೂರ್ತಿ ಹೊಡೆದುಹಾಕಿತು. ಅಳತೆಯೇ ಇಲ್ಲದ ಪದಗಳಿಂದ ಅಪರಾಧ ಹೊಸೆಯಲಾಗದು ಎಂಬುದು ತೀರ್ಪಿನ ತಿರುಳು.

ಒಂದೂವರೆ ವರ್ಷಕ್ಕೆ ಕಾವೇರಿ ಮತ್ತೆ ಕೆರಳಿತು. 2016ರ ಸೆಪ್ಟೆಂಬರ್ 5ರಂದು ದಿನಕ್ಕೆ 15,000 ಕ್ಯೂಸೆಕ್ಸ್ ಬಿಡಲು ಸುಪ್ರೀಂ ಕೋರ್ಟು ಹೇಳಿತು. ಕನ್ನಡ ನಟರನ್ನು ಹೀಯಾಳಿಸಿ ಫೇಸ್‌ಬುಕ್‌ನಲ್ಲಿ ಬರೆದನೆಂದು ಬೆಂಗಳೂರಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಹೊಡೆದ ವಿಡಿಯೋ ಹರಿದಾಡಿತು. ಅದಕ್ಕೆ ಉತ್ತರವೆಂಬಂತೆ ತಮಿಳುನಾಡಿನಲ್ಲಿ ಕನ್ನಡಿಗರ ಮೇಲೆ ಕೈ ಮಾಡಿದ ವಿಡಿಯೋ, ಚೆನ್ನೈಯ ಹೋಟೆಲಿನ ಗಾಜು ಒಡೆದ ಸುದ್ದಿ ಬಂದವು. 12ರ ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಪ್ರತಿ ಮೊಬೈಲಿನಲ್ಲೂ ಬೆಂಕಿ. ಸಂಜೆಗೆ ಬೆಂಕಿ ಬೀದಿಗೆ ಬಂತು. ಸೇಲಂ ಮೂಲದ ಕೆಪಿಎನ್ ಕಂಪನಿಯ 42 ಬಸ್ಸು ಒಂದೇ ಡಿಪೋದಲ್ಲಿ ಸುಟ್ಟುಹೋದವು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಪೊಲೀಸ್ ಗುಂಡಿಗೆ ಜೀವ ಹೋಯಿತು.

ಆ ದಿನಗಳಲ್ಲಿ ಅತ್ತಿಬೆಲೆಯ ಗಡಿ ನೋಡಬೇಕಿತ್ತು. ಕರ್ನಾಟಕದ ಬಸ್ಸು ಈ ಕಡೆ ನಿಂತಿತ್ತು, ತಮಿಳುನಾಡಿನ ಬಸ್ಸು ಆ ಕಡೆ ಜೂಜುವಾಡಿಯಲ್ಲಿ. ನಡುವೆ ಖಾಲಿ ಹೆದ್ದಾರಿ. ಅದರಲ್ಲಿ ಜನ ನಡೆಯುತ್ತಿದ್ದರು. ತಲೆಯ ಮೇಲೆ ಚೀಲ, ಕಂಕುಳಲ್ಲಿ ಕೂಸು. ಎರಡು ದಿಕ್ಕಿಗೂ ಸಾಲು. ಗಡಿ ದಾಟಲು ಸುದ್ದಿಗೆ ಅರೆಗಳಿಗೆ ಸಾಕಾಗಿತ್ತು, ಕೂಲಿಯವನು ನಡೆದೇ ದಾಟಬೇಕಿತ್ತು. ಶಿವರನ್ನು ರೈಲು ಹತ್ತಗೊಡದ ಕಾಲದ ನೆನಪು ಬಂದರೆ ಆಶ್ಚರ್ಯವಿಲ್ಲ.

ಆಗಿನ ಸಿದ್ದರಾಮಯ್ಯ ಸರ್ಕಾರದ ಬಳಿ 66ಎ ಇರಲಿಲ್ಲ. ಬೆಂಗಳೂರು ಪೊಲೀಸರು ಟ್ವಿಟರ್‌ನಲ್ಲೇ ಕೂತು ವದಂತಿಗಳಿಗೆ ಉತ್ತರ ಕೊಡತೊಡಗಿದರು. ನಗರ ಒಂದೆರಡು ದಿನದಲ್ಲಿ ಹತೋಟಿಗೆ ಬಂತು. ಟ್ವೀಟಿನಿಂದಲೇ ಬಂತು ಎನ್ನುವುದು ಉತ್ಪ್ರೇಕ್ಷೆ. ಲಾಠಿ, ಕರ್ಫ್ಯೂ ಎರಡೂ ಇದ್ದವು. ಆದರೆ ಸುಳ್ಳಿಗೆ ಮದ್ದು ಬೇಗ ಬರುವ ನಿಜ ಎಂಬ ಪಾಠ ಅಲ್ಲಿತ್ತು.

2018ರಲ್ಲಿ ಗಾಳಿಮಾತು ನೇರವಾಗಿ ಕೊಲೆಗೆ ಇಳಿಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ನಂಬಿ ಮೇ ತಿಂಗಳಲ್ಲಿ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಲ್ಲಿ ದೇವರಿಗೆಂದು ಹೊರಟ ವೃದ್ಧೆಯನ್ನು ಹೊಡೆದು ಕೊಂದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿಯವನೊಬ್ಬ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬ ಸತ್ತರು. ಅದೇ ಜುಲೈಯಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸಬಹುದು ಎಂದು ಕಟ್ಟು ಹಾಕಿತು. 2012ರಲ್ಲಿ ಸರ್ಕಾರ ಹಾಕಿದ ಲೆಕ್ಕವೂ 5, 2018ರಲ್ಲಿ ಕಂಪನಿ ಹಾಕಿದ ಲೆಕ್ಕವೂ 5. ಎರಡರಲ್ಲೂ ಯಾವುದು ಸುಳ್ಳು ಎಂದು ಯಾರೂ ತೀರ್ಪು ಕೊಡಲಿಲ್ಲ, ಬರೀ ವೇಗಕ್ಕೆ ಉಬ್ಬು ಹಾಕಿದರು. ಅದೇ ವರ್ಷದ ಏಪ್ರಿಲ್ 2ರಂದು ಬಿಜೆಪಿಯ ಸ್ಮೃತಿ ಇರಾನಿ ಅವರ ಸಚಿವಾಲಯ, ಸುಳ್ಳುಸುದ್ದಿ ಬರೆದ ಪತ್ರಕರ್ತರ ಮಾನ್ಯತೆ ಕಿತ್ತುಕೊಳ್ಳುವ ಆದೇಶ ಹೊರಡಿಸಿತ್ತು. ಕೂಗೆದ್ದ ಮೇಲೆ ಮರುದಿನವೇ ಪ್ರಧಾನಿ ಕಚೇರಿ ಅದನ್ನು ಹಿಂದಕ್ಕೆ ಪಡೆಯಿತು.

ವಿರೋಧದಲ್ಲಿದ್ದ ಕಾಂಗ್ರೆಸ್ಸು 2019ರ ಪ್ರಣಾಳಿಕೆಯಲ್ಲಿ ಉದಾರವಾಗಿತ್ತು. ರಾಜದ್ರೋಹದ 124ಎ ತೆಗೆಯುತ್ತೇವೆ, ಮಾನನಷ್ಟವನ್ನು ಕ್ರಿಮಿನಲ್ ಅಪರಾಧಗಳ ಪಟ್ಟಿಯಿಂದ ಬಿಡಿಸುತ್ತೇವೆ ಎಂದಿತು. ಸುಬ್ರಹ್ಮಣ್ಯ ಶಿವರ ಪಕ್ಷಕ್ಕೆ ತಕ್ಕ ಮಾತು ಅದು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ತನ್ನದೇ ಫ್ಯಾಕ್ಟ್ ಚೆಕ್ ಘಟಕದಿಂದ ಹೇಳಿಸುವ ನಿಯಮ ತಂದಾಗ ಕಾಂಗ್ರೆಸ್ ಅದನ್ನು ಸೆನ್ಸಾರ್‌ಶಿಪ್ ಎಂದು ಜರಿಯಿತು. ಹಾಸ್ಯಗಾರ ಕುನಾಲ್ ಕಾಮ್ರಾ ಮತ್ತಿತರರ ಅರ್ಜಿಯ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು.

ಆ ನಿಯಮ ಬಂದ ಮುಂದಿನ ತಿಂಗಳೇ ಕರ್ನಾಟಕದಲ್ಲಿ ಕಾಂಗ್ರೆಸ್ಸು ಅಧಿಕಾರಕ್ಕೆ ಬಂತು. ಆಗಸ್ಟ್ ಹೊತ್ತಿಗೆ ಸಿದ್ದರಾಮಯ್ಯ ತಮ್ಮ ಸರ್ಕಾರದ್ದೇ ಫ್ಯಾಕ್ಟ್ ಚೆಕ್ ಘಟಕಕ್ಕೆ ಒಪ್ಪಿಗೆ ಕೊಟ್ಟರು. ಎಡಿಟರ್ಸ್ ಗಿಲ್ಡ್ ಕಳವಳ ಹೇಳಿತು. ಅಕ್ಟೋಬರ್‌ನಲ್ಲಿ ತಮಿಳುನಾಡಿನ ಡಿಎಂಕೆ ಸರ್ಕಾರವೂ ಅಂಥದೇ ಘಟಕ ಹುಟ್ಟುಹಾಕಿತು, ಅಣ್ಣಾ ಡಿಎಂಕೆ ಕಡೆಯವರು ಹೈಕೋರ್ಟಿಗೆ ಹೋದರು. ಡಿಎಂಕೆಗೆ ಕಾರಣ ಇರಲಿಲ್ಲವೆಂದಲ್ಲ. ಆ ಮಾರ್ಚ್‌ನಲ್ಲಿ ಬಿಹಾರಿ ಕೂಲಿಗಳನ್ನು ತಮಿಳುನಾಡಿನಲ್ಲಿ ಕೊಲ್ಲುತ್ತಿದ್ದಾರೆ ಎಂಬ ಸುಳ್ಳು ವಿಡಿಯೋಗಳು ಉತ್ತರ ಭಾರತದಲ್ಲಿ ಹಬ್ಬಿದ್ದವು. ಪೊಲೀಸ್ ಮುಖ್ಯಸ್ಥ ಶೈಲೇಂದ್ರ ಬಾಬು ತಾವೇ ವಿಡಿಯೋದಲ್ಲಿ ಬಂದು ಅಲ್ಲಗಳೆದರು. ಬಿಹಾರದ ಅಧಿಕಾರಿಗಳ ತಂಡ ಬಂದು ಕಣ್ಣಾರೆ ನೋಡಿ ಹೋಯಿತು. ಆ ಸುಳ್ಳನ್ನು ಬಯಲು ಮಾಡುವಲ್ಲಿ ಈ ಎರಡನೆಯದಕ್ಕೆ ತೂಕ ಹೆಚ್ಚಿತ್ತು. ನೋಡಿದವರು ತಮಿಳುನಾಡು ಸರ್ಕಾರದ ಆಳುಗಳಾಗಿರಲಿಲ್ಲ.

ಇಷ್ಟಾದ ಮೇಲೆ 2025ರ ಜೂನ್‌ನ ಕರಡು. ಸುಳ್ಳುಸುದ್ದಿಗೆ 7 ವರ್ಷ, ತಪ್ಪುಮಾಹಿತಿಗೆ 2ರಿಂದ 5 ವರ್ಷ, ವಿಶೇಷ ನ್ಯಾಯಾಲಯ. ಜಾಲತಾಣಗಳ ಮೇಲೆ ಕಣ್ಣಿಡಲು ಒಂದು ಪ್ರಾಧಿಕಾರ, ಅದಕ್ಕೆ ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವರೇ ಅಧ್ಯಕ್ಷರು. ವಿಡಂಬನೆ, ಅಭಿಪ್ರಾಯಗಳಿಗೆ ಒಂದಿಷ್ಟು ರಿಯಾಯಿತಿ ಇತ್ತು. ಸ್ತ್ರೀವಿರೋಧಿ ಬರಹ, ಸನಾತನ ಸಂಕೇತಗಳಿಗೆ ಅಗೌರವ, ಮೂಢನಂಬಿಕೆ ಇವಕ್ಕೆಲ್ಲ ಅದೇ ಬಲೆ. ಬಿಜೆಪಿ ವಿರೋಧಿಸಿತು, ಡಿಜಿಟಲ್ ಹಕ್ಕುಗಳ ಪರ ದುಡಿಯುವವರೂ ವಿರೋಧಿಸಿದರು. ಇದು ಅಂತಿಮವಲ್ಲ ಎಂದಿತು ಸರ್ಕಾರ. ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ದ್ವೇಷಭಾಷಣದ ಮಸೂದೆ ಬಿಜೆಪಿಯ ಗದ್ದಲದ ನಡುವೆ ಪಾಸಾಯಿತು. ಅದಕ್ಕೆ ಮೂರು ತಿಂಗಳು ಮುಂಚೆ, ಕೇಂದ್ರದ 'ಸಹಯೋಗ್' ಪೋರ್ಟಲ್ ಮೂಲಕ ಬರಹ ತೆಗೆಸುವುದನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟು ವಜಾ ಮಾಡಿತ್ತು. 2012ರಲ್ಲಿ ಕಪ್ಪು ಚಿತ್ರ ಹಾಕಿದ್ದವರ ಸರ್ಕಾರ ಆ ಮೊಕದ್ದಮೆಯಲ್ಲಿ ಗೆದ್ದ ಕಡೆ ಇತ್ತು.

ಸುಳ್ಳಿಗೆ ಕಡಿವಾಣ ಬೇಡ ಎನ್ನುವವರು ತಿರುವಣ್ಣಾಮಲೈಯ ಆ ವೃದ್ಧೆಯನ್ನು ಮರೆತವರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಯಾರ ಕೈಯಲ್ಲಿ ಎಂಬಲ್ಲೇ ನಮ್ಮ ಪಕ್ಷಗಳ ನಿಲುವು ಜಾರುತ್ತದೆ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹೊಗೇನಕಲ್ಲಿಗೆ ಮೇಲುಗಡೆ ಬಿಳಿಗುಂಡ್ಲು ಇದೆ. ಕರ್ನಾಟಕ ತಮಿಳುನಾಡಿಗೆ ಬಿಟ್ಟ ನೀರು ಎಷ್ಟು ಎಂದು ಅಳೆಯುವುದು ಅಲ್ಲಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ವರ್ಷಕ್ಕೆ 177.25 ಟಿಎಂಸಿ. ಆ ಅಳತೆಪಟ್ಟಿ ನೋಡಿ ಬರೆದುಕೊಳ್ಳುವವರು ಕೇಂದ್ರ ಜಲ ಆಯೋಗದವರು. ಕರ್ನಾಟಕದ ಮಂತ್ರಿಯಾಗಲಿ ತಮಿಳುನಾಡಿನ ಮಂತ್ರಿಯಾಗಲಿ ಅಲ್ಲಿ ಕೂತು ಇಷ್ಟು ಬಂತು, ಇಷ್ಟು ಬರಲಿಲ್ಲ ಎಂದು ಬರೆದರೆ ಮರುದಿನವೇ ಅತ್ತಿಬೆಲೆಯಲ್ಲಿ ಬಸ್ಸು ನಿಂತೀತು. ನೀರಿಗಾಗಿ ದಶಕಗಳ ಕಾಲ ಜಗಳವಾಡಿ ಎರಡೂ ರಾಜ್ಯಗಳು ಕಲಿತದ್ದು ಇದನ್ನೇ. ಪಾಲಿಗೆ ಬಡಿದಾಡುವವನು ಅಳತೆಗೋಲು ಹಿಡಿಯಬಾರದು.

ಮಾತಿನ ವಿಷಯದಲ್ಲಿ ರಾಜ್ಯವೂ ಕಕ್ಷಿದಾರ, ಕೇಂದ್ರವೂ ಕಕ್ಷಿದಾರ, ಕಂಪನಿಯೂ ಕಕ್ಷಿದಾರ. ಹೀಗಿರುವಾಗ ಅಳತೆ ಹೇಳಬೇಕಾದದ್ದು ಇವರಾರ ಹಂಗೂ ಇಲ್ಲದ, ಕೋರ್ಟಿಗೆ ಉತ್ತರ ಕೊಡುವ ಸಂಸ್ಥೆ. ಅದು ಬರುವವರೆಗೆ ಸಚಿವರು ಅಧ್ಯಕ್ಷರಾಗಿರುವ ಯಾವ ಪ್ರಾಧಿಕಾರವನ್ನೂ, ಅದು ಯಾವ ಪಕ್ಷದ್ದಾದರೂ, ಒಪ್ಪಬೇಕಾಗಿಲ್ಲ. ತಮ್ಮ ಪಕ್ಷ ಸೋತು ಎದುರಿನವರು ಆ ಕುರ್ಚಿಯಲ್ಲಿ ಕೂತ ದಿನವೂ ಈ ಕಾನೂನು ತಮಗೆ ಒಪ್ಪಿಗೆಯೇ ಎಂದು ಪ್ರತಿ ಶಾಸಕರೂ ಕೈ ಎತ್ತುವ ಮುನ್ನ ಒಮ್ಮೆ ಕೇಳಿಕೊಳ್ಳಲಿ. ಉತ್ತರ ತೋಚದಿದ್ದರೆ ಪಾಪ್ಪಾರಪಟ್ಟಿಗೆ ಬರಲಿ, ಪೆನ್ನಾಗರಂ ದಾರಿಯಲ್ಲೇ ಇದೆ.